ಮದ್ರಾಸಿನ ಕಥೆ, ಹುಣಸೂರಿನ ಕುಳ್ಳ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಹಾಸಿಗೆ ಮೇಲೆ ಬಿದ್ದುಕೊಂಡಿದ್ದೀರೋ ಗೊತ್ತಿಲ್ಲ. ಇವತ್ತಿನ ಮಾತು ಶುರುವಾಗೋದು ಒಂದು ಬ್ಯಾರನ್ ಮುಂದೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ: ಹೊಗೆಸೊಪ್ಪು ಬೇಯಿಸೋ ಎತ್ತರದ ಮನೆ ಅದು. ಒಳಗೆ ಕಡ್ಡಿಗೆ ಕಟ್ಟಿ ನೇತುಹಾಕಿದ ಹಸಿ ಸೊಪ್ಪು, ಹೊರಗೆ ಸೌದೆ ಒಲೆ. ದಿನಗಟ್ಟಲೆ ಶಾಖ ಏರುಪೇರಾಗದ ಹಾಗೆ ನೋಡ್ಕೋಬೇಕು. ಸ್ವಲ್ಪ ಕಣ್ಣು ಮುಚ್ಚಿದ್ರೆ ಸೊಪ್ಪಿನ ಬಣ್ಣ ಕೆಡುತ್ತೆ, ಹರಾಜಿನಲ್ಲಿ ರೇಟು ಬಿದ್ದುಹೋಗುತ್ತೆ. ಹಾಗಾಗಿ ರಾತ್ರಿಯಿಡೀ ಯಾರಾದ್ರೂ ಎದ್ದಿರಬೇಕು. ಹಿಂದೆ ಜೊತೆಗೆ ಬೀಡಿ ಇತ್ತು, ರೇಡಿಯೊ ಇತ್ತು. ಈಗ ಫೋನು.

ಹೋದ ಸೀಸನ್‌ನಲ್ಲಿ ಒಂದು ರಾತ್ರಿ ನಾನು ದೊಡ್ಡಪ್ಪನ ಜೊತೆ ಕೂತಿದ್ದೆ. ಚಿಕ್ಕಪ್ಪನ ಮಗನೂ ಇದ್ದ, ಅವನಿಗೆ ಇಪ್ಪತ್ತು ವರ್ಷ. ನಾನು ಫೋನಲ್ಲಿ ‘ಪ್ರೀತಿ ಮಾಡು ತಮಾಷೆ ನೋಡು’ ಹುಡುಕ್ತಿದ್ದೆ. ಅವನು ಬಗ್ಗಿ ನೋಡಿದವನೇ, “ಅಣ್ಣ, ಇದು ತಮಿಳು ರೀಮೇಕು. ಒರಿಜಿನಲ್ಲೇ ಸಿಗುತ್ತಲ್ಲ, ಸಬ್‌ಟೈಟಲ್ ಸಮೇತ. ಇದ್ಯಾಕೆ?” ಅಂದ. ದೊಡ್ಡಪ್ಪ ಒಲೆಗೆ ಸೌದೆ ನೂಕ್ತಾ, “ಲೇ, ಅದು ನಮ್ಮೂರೋನ್ ಸಿನಿಮಾ ಕಣ್ಲಾ” ಅಂದ್ರು.

ಇಬ್ರೂ ಹೇಳಿದ್ದು ಸರಿ. ನನ್ನ ತಲೆ ಕೆಟ್ಟಿದ್ದೂ ಅದಕ್ಕೇ.

ನಮ್ಮೂರೋನು ಅಂದ್ರೆ ದ್ವಾರಕೀಶ್. ಹುಟ್ಟಿದ್ದು 1942ರಲ್ಲಿ, ಹುಣಸೂರಲ್ಲಿ. ಓದಿದ್ದು ಮೈಸೂರಲ್ಲಿ, ಮೆಕ್ಯಾನಿಕಲ್ ಡಿಪ್ಲೊಮಾ. ಅಣ್ಣನ ಜೊತೆ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸ್ತಿದ್ರು. ಸೋದರಮಾವ ಹುಣಸೂರು ಕೃಷ್ಣಮೂರ್ತಿ, ‘ಸತ್ಯ ಹರಿಶ್ಚಂದ್ರ’ ಮಾಡಿದ ಅದೇ ನಿರ್ದೇಶಕರು. ಅವರ ‘ವೀರ ಸಂಕಲ್ಪ’ದಿಂದ 1964ರಲ್ಲಿ ಸಿನಿಮಾಕ್ಕೆ ಬಂದ ಹುಡುಗ, ಐದು ವರ್ಷಕ್ಕೆ ರಾಜ್‌ಕುಮಾರ್ ಅವರನ್ನ ಹಾಕ್ಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಾಣ ಮಾಡಿದ. ತನ್ನ ಕುಳ್ಳತನವನ್ನೇ ಬೋರ್ಡ್ ಮೇಲೆ ಬರೆಸಿದ ಮನುಷ್ಯ. ‘ಕುಳ್ಳ ಏಜೆಂಟ್ 000’, ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’, ‘ಕುಳ್ಳ ಕುಳ್ಳಿ’. ಜನ ಆಡಿಕೊಳ್ಳೋ ಮೊದಲೇ ತಾನೇ ಆಡಿಕೊಂಡು ಟಿಕೆಟ್ ಮಾರಿದ್ರು.

ಇನ್ನು ಆ ಕಥೆ. 1964ರಲ್ಲಿ ಮದ್ರಾಸಲ್ಲಿ ಶ್ರೀಧರ್ ಅನ್ನೋ ನಿರ್ದೇಶಕರು ‘ಕಾದಲಿಕ್ಕ ನೇರಮಿಲ್ಲೈ’ ಮಾಡಿದ್ರು. ಆಗಿನ ಕಾಲಕ್ಕೆ ಬಣ್ಣದ ಸಿನಿಮಾ. ಒಬ್ಬ ದುಡ್ಡಿನಾಸೆಯ ಅಪ್ಪ, ಇಬ್ಬರು ಹೆಣ್ಣುಮಕ್ಕಳು. ಕೆಲಸ ಕಳ್ಕೊಂಡ ಬಡ ಹುಡುಗ ಶ್ರೀಮಂತನ ಮಗ ಅಂತ ನಾಟಕ ಆಡ್ತಾನೆ. ಅವನ ಗೆಳೆಯ ನರೆಗೂದಲು ಅಂಟಿಸಿಕೊಂಡು ಆ ಶ್ರೀಮಂತ ಅಪ್ಪನ ವೇಷ ಹಾಕ್ತಾನೆ. ಈ ಸುಳ್ಳು ಅಪ್ಪನೇ ಇನ್ನೊಬ್ಬ ಮಗಳ ಪ್ರೇಮಿ! ಇವರ ಮಧ್ಯೆ ಮನೆಯ ಮಗ, ಸಿನಿಮಾ ಮಾಡ್ತೀನಿ ಅಂತ ಕುಣಿಯೋ ನಾಗೇಶ್. ಅವನು ಅಪ್ಪನ ಪಾತ್ರದ ಬಾಲಯ್ಯಗೆ ದೆವ್ವದ ಸಿನಿಮಾದ ಕಥೆ ಹೇಳೋ ಒಂದು ದೃಶ್ಯ ಇದೆ. ಭಾಷೆ ಬರದಿದ್ದರೂ ನೋಡಿ. ಬಾಗಿಲ ಸದ್ದು, ಗಾಳಿ ಸದ್ದು, ಹೆಜ್ಜೆ ಸದ್ದು ಎಲ್ಲಾ ನಾಗೇಶ್ ಬಾಯಲ್ಲೇ. ಆದ್ರೆ ನಗು ಬರೋದು ಕೇಳ್ತಾ ಕೇಳ್ತಾ ಬೆವರೋ ಬಾಲಯ್ಯ ಅವರ ಮುಖದಿಂದ.

ಈ ಕಥೆ ಸುಮ್ಮನೆ ಕೂರಲಿಲ್ಲ. 1965ರಲ್ಲಿ ತೆಲುಗಿಗೆ ಹೋಯ್ತು. 1966ರಲ್ಲಿ ಶ್ರೀಧರ್ ಅವರೇ ಹಿಂದಿಯಲ್ಲಿ ‘ಪ್ಯಾರ್ ಕಿಯೇ ಜಾ’ ಮಾಡಿದ್ರು. ಅಲ್ಲಿ ನಾಗೇಶ್ ಜಾಗದಲ್ಲಿ ಮೆಹಮೂದ್, ಬಾಲಯ್ಯ ಜಾಗದಲ್ಲಿ ಓಂ ಪ್ರಕಾಶ್. ಮೆಹಮೂದ್‌ಗೆ ಆ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಇವತ್ತಿಗೂ ಹಿಂದಿಯವರು ಆ ದೃಶ್ಯವನ್ನ ‘ಮೆಹಮೂದ್ ಕ್ಲಾಸಿಕ್’ ಅಂತಲೇ ಹಂಚಿಕೊಳ್ತಾರೆ. ರೀಮೇಕ್ ಅಂತ ಯಾರೂ ಮೂಗು ಮುರಿಯಲ್ಲ.

ಕನ್ನಡಕ್ಕೆ ಬಂದಿದ್ದು 1979ರಲ್ಲಿ. ನಿರ್ಮಾಪಕ ದ್ವಾರಕೀಶ್, ನಿರ್ದೇಶನ ಸಿ.ವಿ. ರಾಜೇಂದ್ರನ್, ಅವರು ಶ್ರೀಧರ್ ಗರಡಿಯಲ್ಲೇ ಪಳಗಿದವರು. ಶ್ರೀನಾಥ್, ಶಂಕರ್‌ನಾಗ್, ಮಂಜುಳಾ, ಪದ್ಮಪ್ರಿಯಾ. ಆಮೇಲೆ ನಮ್ಮ ಕುಳ್ಳ.

ಈಗ ವಿಮರ್ಶೆ ವಿಚಾರಕ್ಕೆ ಬರೋಣ. ಆ ಹತ್ತು ವರ್ಷ ಕನ್ನಡದ ವಿಮರ್ಶಕರು ಯಾವ ಗುಂಗಿನಲ್ಲಿದ್ರು ನೋಡಿ. 1970ಕ್ಕೆ ‘ಸಂಸ್ಕಾರ’, 1975ಕ್ಕೆ ‘ಚೋಮನ ದುಡಿ’, 1977ಕ್ಕೆ ‘ಘಟಶ್ರಾದ್ಧ’, ಮೂರಕ್ಕೂ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ. ಹೆಮ್ಮೆಪಡೋ ವಿಷಯವೇ. ಇನ್ನೊಂದು ಕಡೆ ಕಾದಂಬರಿ ಆಧಾರಿತ ಸಿನಿಮಾಗಳಿಗೆ ಮರ್ಯಾದೆ. ರೀಮೇಕ್, ಅದರಲ್ಲೂ ಹಾಸ್ಯದ ರೀಮೇಕ್, ಕೊನೇ ಬೆಂಚು. ಸರ್ಕಾರದ ಸಹಾಯಧನದಲ್ಲೂ ರೀಮೇಕ್‌ಗೆ ಜಾಗ ಇಲ್ಲದೇ ಹೋಯ್ತು. ಸ್ವಂತ ಕಥೆಗಳು ಬೆಳೀಲಿ ಅನ್ನೋ ಉದ್ದೇಶ, ಅದನ್ನ ನಾನೂ ಒಪ್ತೀನಿ. ಆದ್ರೆ ಇದರ ಜೊತೆಗೆ ಒಂದು ಕೆಟ್ಟ ಅಭ್ಯಾಸ ಬೆಳೀತು. ‘ಎಲ್ಲಿಂದ ತಂದ್ರು’ ಅಂತ ಕೇಳಿದ ಮೇಲೆ ‘ತಂದು ಏನ್ ಮಾಡಿದ್ರು’ ಅಂತ ಕೇಳೋದನ್ನೇ ಬಿಟ್ವಿ.

ಒಂದು ತಮಾಷೆ ಹೇಳ್ತೀನಿ. ಶಂಕರ್‌ನಾಗ್ ಮೊದಲ ಸಿನಿಮಾ ‘ಒಂದಾನೊಂದು ಕಾಲದಲ್ಲಿ’, ಗಿರೀಶ್ ಕಾರ್ನಾಡರದ್ದು. ಅದಕ್ಕೆ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆ ಸಿನಿಮಾದ ಮೇಲೆ ಜಪಾನಿನ ಕುರೊಸಾವಾ ನೆರಳು ದಟ್ಟವಾಗಿದೆ, ಎಲ್ಲರಿಗೂ ಗೊತ್ತು. ಅದನ್ನ ‘ಪ್ರಭಾವ’ ಅಂತೀವಿ. ಪರ್ವತವಾಣಿಯವರು ಷೇಕ್ಸ್‌ಪಿಯರ್ ನಾಟಕ ತಗೊಂಡು ‘ಬಹದ್ದೂರ್ ಗಂಡ’ ಬರೆದ್ರು, ಅದರಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂತು. ಅದನ್ನ ‘ರೂಪಾಂತರ’ ಅಂತೀವಿ. ಅದೇ ಶಂಕರ್‌ನಾಗ್ ಮದ್ರಾಸಿನ ಶ್ರೀಧರ್ ಕಥೇಲಿ ಕುಣಿದ್ರೆ? ‘ರೀಮೇಕು’. ಕಡಲಾಚೆಯಿಂದ ಬಂದ್ರೆ ಒಂದು ಹೆಸರು, ಪಕ್ಕದ ಮನೆಯಿಂದ ಬಂದ್ರೆ ಇನ್ನೊಂದು.

ಇನ್ನೊಂದು ವಿಷಯ ನಿಮ್ಮ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಅರವತ್ತರ ದಶಕದ ಚಳವಳಿ ಆದಮೇಲೆ ಕನ್ನಡಕ್ಕೆ ಡಬ್ಬಿಂಗ್ ಇರಲಿಲ್ಲ. ಕಾನೂನಿನಲ್ಲಿ ನಿಷೇಧ ಇಲ್ಲ, ಆದ್ರೆ ಉದ್ಯಮ ಬಿಡ್ತಿರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬಾಗಿಲು ತೆರೀತು. ಅಂದ್ರೆ ಕೆ.ಆರ್. ನಗರದ ಗದ್ದೆ ಬಯಲಿನಲ್ಲಿರೋ, ಕನ್ನಡ ಒಂದೇ ಬರೋ ಒಬ್ಬ ಮನುಷ್ಯನಿಗೆ ತಮಿಳಿನ ಒಳ್ಳೇ ಕಥೆ ತಲುಪಬೇಕಾದ್ರೆ ರೀಮೇಕ್ ಒಂದೇ ದಾರಿ. ಎಚ್.ಡಿ. ಕೋಟೆಯನ್ನೇ ತಗೊಳ್ಳಿ. ಬಾವಲಿ ಚೆಕ್‌ಪೋಸ್ಟ್ ದಾಟಿದ್ರೆ ಆ ಕಡೆ ವಯನಾಡು. ಮಲಯಾಳದ ‘ಮಣಿಚಿತ್ರತ್ತಾಳ್’ ಬಂದದ್ದು 1993ರಲ್ಲಿ. ಅದೇ ಕಥೆ ಈ ಕಡೆಯ ಹಳ್ಳಿಗೆ ಕನ್ನಡದಲ್ಲಿ ಬರೋಕೆ ಹನ್ನೊಂದು ವರ್ಷ ಬೇಕಾಯ್ತು. 2004ರ ‘ಆಪ್ತಮಿತ್ರ’. ತಂದವರು ಯಾರು? ಮತ್ತೆ ದ್ವಾರಕೀಶೇ. ಸಾಲು ಸಾಲು ಸೋಲು, ಸಾಲಕ್ಕೆ ಮನೆ ಮಾರಿದ್ದು, ಎಲ್ಲಾ ಆದಮೇಲೆ.

ಹಾಗಂತ ನಾನು ಎಲ್ಲಾ ರೀಮೇಕ್‌ಗೂ ವಕೀಲಿಕೆ ಮಾಡೋಕೆ ಬಂದಿಲ್ಲ. ಫ್ರೇಮಿಗೆ ಫ್ರೇಮು ಇಳಿಸಿ, ಮೂಲದವರ ಹೆಸರನ್ನ ಕಾಣದ ಹಾಗೆ ಹಾಕಿ, ಕನ್ನಡದ ಹೊಸ ಬರಹಗಾರನಿಗೆ ಕೊಡಬೇಕಾದ ದುಡ್ಡಿನಲ್ಲಿ ಹಕ್ಕು ಕೊಂಡು ತಂದ ಸಿನಿಮಾಗಳು ಬೇಕಾದಷ್ಟಿವೆ. ವಿಮರ್ಶಕರ ಸಿಟ್ಟು ಸುಮ್ಮನೆ ಬಂದದ್ದಲ್ಲ. ‘ಪ್ರೀತಿ ಮಾಡು ತಮಾಷೆ ನೋಡು’ ಕೂಡ ಮೂಲದ ಮುಂದೆ ಕೆಲವು ಕಡೆ ಮಂಕು, ಮುಚ್ಚಿಡಲ್ಲ. 1964ರಲ್ಲಿ ಹೊಸದಾಗಿ ಕಂಡ ಯೌವನದ ಹುಡುಗಾಟ ಹದಿನೈದು ವರ್ಷ ಆದಮೇಲೆ ಅಷ್ಟು ಹೊಸದಾಗಿ ಕಾಣಲ್ಲ. ಹಾಸ್ಯ ಬೇಗ ಹಳಸುತ್ತೆ, ಹಾಲಿನ ಥರ.

ಆದ್ರೆ ದ್ವಾರಕೀಶ್ ಬಂದಾಗ ನೋಡಿ. ನಾಗೇಶ್ ಸಣಕಲು, ಬೆತ್ತದ ಥರ ಬಾಗ್ತಾರೆ, ಮಾತು ಮೆಷಿನ್ನು. ದ್ವಾರಕೀಶ್ ಮೈಗೆ ಅದು ಆಗಲ್ಲ. ಅವರದ್ದು ಬೇರೆ ಲಯ. ಕತ್ತೆತ್ತಿ ಎದುರಿಗಿರೋನನ್ನ ನೋಡಬೇಕಾದ ಮನುಷ್ಯ, ಹಾಗೆ ನೋಡ್ತಾನೇ ಅವನನ್ನ ಯಾಮಾರಿಸೋ ಪ್ಲಾನ್ ಹಾಕಿರ್ತಾನೆ. ನಮ್ಮ ಕಡೆ ಸಂತೆಯಲ್ಲಿ ಇಂಥೋರು ಒಬ್ಬರಾದ್ರೂ ಸಿಗ್ತಾರೆ. ಬಾಯಿ ಜೋರು, ಕೈ ಖಾಲಿ, ಎಲ್ಲರಿಗೂ ಬೇಕಾದೋನು. ಮಾತಿನ ಎಳೆತ ಮೈಸೂರು ಸೀಮೆಯದ್ದು. ಅದು ಮದ್ರಾಸಿಂದ ಬಂದದ್ದಲ್ಲ, ಹಕ್ಕು ಕೊಂಡು ತರೋಕೂ ಆಗಲ್ಲ.

ಡಬ್ಬಿಂಗ್ ಬಂದಮೇಲೆ ನನಗೆ ಕಾಡ್ತಿರೋದೂ ಇದೇ. ಡಬ್ಬಿಂಗ್ ಬೇಡ ಅಂತಲ್ಲ; ಬಂದದ್ದು ಒಳ್ಳೇದೇ, ನೋಡೋರ ಹಕ್ಕು ಅದು. ಆದ್ರೆ ಡಬ್ ಆದ ಹಾಸ್ಯ ದೃಶ್ಯ ಕೇಳಿದ್ದೀರಾ? “ಏನಪ್ಪಾ ಗೆಳೆಯ, ಹೀಗೇಕೆ ಮಾಡಿದೆ?” ಅನ್ನೋ ಥರ. ಯಾವ ಊರಿನ ಕನ್ನಡ ಅದು? ತುಟಿ ಅಲ್ಲಾಡೋ ಅಳತೆಗೆ ಹೊಲಿದ ಮಾತು. ಜಗಳದ ಸೀನಿಗೆ ಹೇಗೋ ನಡೆಯುತ್ತೆ, ನಗುವಿಗೆ ನಡೆಯಲ್ಲ. ರೀಮೇಕ್‌ನಲ್ಲಿ ಒಬ್ಬ ಕನ್ನಡದ ನಟ ಎದ್ದು ನಿಂತು ತನ್ನ ಮೈಯಲ್ಲಿ, ತನ್ನ ಊರಿನ ಬಾಯಲ್ಲಿ ಅದನ್ನ ಆಡಬೇಕಿತ್ತು. ಕೆಟ್ಟದಾಗಿ ಮಾಡಿದ್ರೂ ಅವನೇ ಮಾಡಬೇಕಿತ್ತು. ನಾಳೆ ಹುಣಸೂರಿನ ಇನ್ನೊಬ್ಬ ಕುಳ್ಳ ಹುಡುಗನಿಗೆ ಆ ಅವಕಾಶ ಎಲ್ಲಿ? ರೀಲ್ಸ್‌ನಲ್ಲಿ ಇದೆ ಅಂತೀರೇನೋ. ಇರಬಹುದು.

2024ರ ಏಪ್ರಿಲ್ 16ಕ್ಕೆ ದ್ವಾರಕೀಶ್ ತೀರಿಕೊಂಡ್ರು. ನಾನು ಓದಿದ ಶ್ರದ್ಧಾಂಜಲಿಗಳಲ್ಲಿ ಸಿಂಗಾಪುರ ಇತ್ತು, ವಿಷ್ಣುವರ್ಧನ್ ಗೆಳೆತನ ಇತ್ತು, ಸಾಹಸಿ ನಿರ್ಮಾಪಕ ಅನ್ನೋ ಮಾತಿತ್ತು. ರೀಮೇಕ್‌ಗಳ ವಿಷಯ ಬಂದಾಗ ಮಾತ್ರ ಬರೆಯೋರು ಸ್ವಲ್ಪ ದನಿ ತಗ್ಗಿಸಿದ ಹಾಗಿತ್ತು, ಸತ್ತವರ ಮನೆಯಲ್ಲಿ ಹಳೇ ಸಾಲದ ಮಾತು ಎತ್ತಿದ ಹಾಗೆ. ಆ ತಗ್ಗಿದ ದನಿಯೇ ನನ್ನನ್ನ ಆ ರಾತ್ರಿ ಸಿನಿಮಾ ಹುಡುಕೋ ಹಾಗೆ ಮಾಡಿದ್ದು.

ಬ್ಯಾರನ್ ಮುಂದೆ ಆಮೇಲೆ ಏನಾಯ್ತು ಹೇಳ್ತೀನಿ. ಮೊದಲು ತಮಿಳಿನ ಆ ಕಥೆ ಹೇಳೋ ದೃಶ್ಯ ಹಾಕ್ದೆ. ದೊಡ್ಡಪ್ಪ ಬಿದ್ದೂ ಬಿದ್ದೂ ನಕ್ರು. “ಯಾರ್ಲಾ ಇವ್ನು, ಭೂತದಂಗೆ ಆಡ್ತಾನೆ” ಅಂತ ನಾಗೇಶ್ ಬಗ್ಗೆ ಕೇಳಿದ್ರು. ನನ್ನ ವಾದ ಅಲ್ಲೇ ಅರ್ಧ ಬಿತ್ತು. ತಮ್ಮ ಹುಬ್ಬು ಹಾರಿಸಿದ. ಆಮೇಲೆ ಕನ್ನಡದ್ದು ಹಾಕ್ದೆ. ಈ ಸಲ ದೊಡ್ಡಪ್ಪ ಅಷ್ಟು ನಗಲಿಲ್ಲ. ಮಾತು ಶುರು ಮಾಡಿದ್ರು. ಪಿರಿಯಾಪಟ್ಟಣದ ಹತ್ರ ಟೆಂಟಿನಲ್ಲಿ ನೋಡಿದ್ದು, ಮೈಸೂರಲ್ಲಿ ಓಡಿ ಎಷ್ಟೋ ತಿಂಗಳಾದ ಮೇಲೆ ಡಬ್ಬ ಇಲ್ಲಿಗೆ ಬಂದದ್ದು, ನೆಲದ ಮೇಲೆ ಕೂತದ್ದು, ರೀಲು ಕಿತ್ತುಹೋದಾಗ ಹುಡುಗರೆಲ್ಲ ದ್ವಾರಕೀಶ್ ಮಾತನ್ನ ತಾವೇ ಹೇಳಿ ಮುಗಿಸಿದ್ದು. ಎರಡು ಸಲ ನೋಡಿದ್ರಂತೆ.

“ತಮಿಳೋನು ಚೆಂದಾಗೇ ಮಾಡವ್ನೆ” ಅಂದ್ರು ಕೊನೆಗೆ. “ಆದ್ರೆ ಅವ್ನ ಮಾತ ನಾವ್ ಹೇಳ್ಕಂಡ್ ತಿರುಗಕ್ಕಾಯ್ತಿತ್ತಾ?”

ತಮ್ಮ ಏನೂ ಅನ್ನಲಿಲ್ಲ. ಎದ್ದುಹೋಗಿ ಥರ್ಮಾಮೀಟರ್ ನೋಡ್ಕೊಂಡು ಬಂದು, “ದೊಡ್ಡಪ್ಪ, ಶಾಖ ಸರಿಯಾಗದೆ” ಅಂದ. ಆಮೇಲೆ ಫೋನ್ ತಗೊಂಡು, ಸಿನಿಮಾನ ಮೊದಲಿಂದ ಹಾಕಿದ.