ಚಿಕ್ಕ ಆಂಪ್, ಜೊತೆಗೊಂದು ಸಬ್‌ವೂಫರ್



ಬೇಸ್ ಗಿಟಾರಿನ ದೊಡ್ಡ ಆಂಪ್ಲಿಫೈಯರನ್ನು ಮುಂಬೈ ಲೋಕಲ್ ರೈಲಿನಲ್ಲಿ ಸಾಗಿಸಿದ ಅನುಭವ ನಿಮಗಿದೆಯೇ? ಇಲ್ಲವಾದರೆ ನೀವು ಪುಣ್ಯವಂತರು. ನಮ್ಮ ಹವ್ಯಾಸಿ ವಾದ್ಯವೃಂದಕ್ಕೆ ಅದು ಹಲವು ವರ್ಷಗಳ ಅಭ್ಯಾಸ. ಡೊಂಬಿವಲಿಯಲ್ಲಿ ಲಗೇಜ್ ಡಬ್ಬಿ ಹತ್ತಬೇಕು, ದಾದರಿನಲ್ಲಿ ಇಳಿಯಬೇಕು, 35 ಕಿಲೋ ತೂಕದ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಮೇಲ್ಸೇತುವೆಯ ಮೆಟ್ಟಿಲು ಏರಿಸಬೇಕು, ಹಿಂದಿನಿಂದ ಬರುವವರ ಬೈಗುಳ ಕೇಳಬೇಕು. ಇಷ್ಟಾದ ಮೇಲೆ ವೇದಿಕೆ ಹತ್ತಿ ನಗುನಗುತ್ತಾ ಭಾವಗೀತೆ ನುಡಿಸಬೇಕು!

ನಾನು ಕೀಬೋರ್ಡ್ ನುಡಿಸುವವನು. ಬೇಸ್ ಗಿಟಾರ್ ನುಡಿಸುವವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ನಾವೆಲ್ಲ ಅವರನ್ನು ಮಾಮ ಎಂದೇ ಕರೆಯುವುದು. ಒಂದು ದಿನ ರಿಹರ್ಸಲ್ ಮುಗಿಸಿ ಗಿಟಾರನ್ನು ಚೀಲಕ್ಕೆ ಹಾಕುತ್ತಾ ಅವರು, "ನೋಡಪ್ಪ, ಡಾಕ್ಟರು ಭಾರ ಎತ್ತಬೇಡಿ ಅಂದಿದ್ದಾರೆ. ನೀವು ಎತ್ತೋದನ್ನ ನೋಡ್ತಾ ನಿಲ್ಲೋದು ನನಗೆ ಆಗೋದಿಲ್ಲ. ನವೆಂಬರ್ ಕಾರ್ಯಕ್ರಮಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದುಬಿಟ್ಟರು. ಬೇರೆ ಯಾರನ್ನು ನೋಡುವುದು ಹೇಳಿ? ತಬಲಾಕ್ಕೂ ಹಾಡುವವರಿಗೂ ನಡುವೆ ನಿಂತು ಇಬ್ಬರನ್ನೂ ಹಿಡಿದುಕೊಳ್ಳುವ ಕೈ ಅದು.

ಮೊದಲು ನಮಗೆ ಹೊಳೆದ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ. 8 ಇಂಚಿನ ಸ್ಪೀಕರ್ ಇರುವ ಚಿಕ್ಕ ಆಂಪ್ ತಂದೆವು. ಒಬ್ಬರೇ ಒಂದು ಕೈಯಲ್ಲಿ ಹಿಡಿದು ನಡೆಯಬಹುದು. ಕೋಣೆಯಲ್ಲಿ ಚೆನ್ನಾಗಿಯೇ ಕೇಳಿಸಿತು. ಸಭಾಂಗಣಕ್ಕೆ ಹೋದಾಗ ತಳವೇ ಇಲ್ಲದ ಪಾತ್ರೆಯ ಹಾಗಾಯಿತು. ಮಾಮ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಮೂರನೆಯ ಹಾಡಿನಲ್ಲಿ 'ಭರ್ರ್' ಎಂದಿತು. ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ಹೊರಗೆ ಯಾರೋ ಮೋಟಾರ್‌ಬೈಕ್ ಶುರು ಮಾಡುತ್ತಿದ್ದಾರೆಂದು ತಿರುಗಿ ನೋಡಿದರು. ಸ್ಪೀಕರಿನ ಕೋನ್ ಹರಿದಿತ್ತು.

ತಪ್ಪು ಆಂಪಿನದಲ್ಲ, ನಮ್ಮದು. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್. ಅಷ್ಟೇ ಜೋರಿನ ಶಬ್ದವನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಆಡಬೇಕು. ಚಿಕ್ಕ ಕೋನಿಗೆ ಅಷ್ಟು ಜಾಗವೇ ಇರುವುದಿಲ್ಲ. ಸಾಲದ್ದಕ್ಕೆ ನಮ್ಮ ಕಿವಿಯೂ ಮಂದ್ರದ ವಿಷಯದಲ್ಲಿ ಸ್ವಲ್ಪ ಮಂದ. ನಡುಸ್ಥಾಯಿಯಷ್ಟೇ ಜೋರಾಗಿ ಕೇಳಬೇಕಾದರೆ ಕೆಳಸ್ಥಾಯಿಗೆ ಎಷ್ಟೋ ಹೆಚ್ಚು ಬಲ ಬೇಕು. ಗುಂಡಿ ತಿರುಗಿಸಿದಷ್ಟೂ ಆ ಪುಟ್ಟ ಕಾಗದದ ಕೋನಿಗೆ ಏಟು.

ಇಲ್ಲಿ ನೆರವಿಗೆ ಬರುವುದೇ ಪವರ್ಡ್ ಸಬ್‌ವೂಫರ್, ಅಂದರೆ ತನ್ನ ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇಟ್ಟುಕೊಂಡ, ಮಂದ್ರವನ್ನು ಮಾತ್ರ ನುಡಿಸುವ ಪೆಟ್ಟಿಗೆ. 10 ಅಥವಾ 12 ಇಂಚಿನ ಸ್ಪೀಕರಿನ ಚಿಕ್ಕ ಮಾದರಿಗಳು ಸಿಗುತ್ತವೆ. ನಾವು ಹುಡುಕಿ ಕೊಂಡ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ 15 ಕಿಲೋ. ಭಾರ ಪೂರ್ತಿ ಹೋಗಲಿಲ್ಲ. ಆದರೆ ಒಂದು ಮೂಟೆ ಎರಡಾಗಿ ಇಬ್ಬರಿಗೆ ಹಂಚಿಹೋಯಿತು. ಮಾಮನ ಪಾಲಿಗೆ ಗಿಟಾರ್ ಮಾತ್ರ.

ಮನೆಯ ಹೋಮ್ ಥಿಯೇಟರಿನ ಸಬ್‌ವೂಫರನ್ನೇ ತಂದರಾಗದೇ ಎಂದು ನೀವು ಕೇಳಬಹುದು. ಬೇಡಿ. ಸಿನಿಮಾದಲ್ಲಿ ಬಾಂಬು ಸಿಡಿಯುವುದು ಕ್ಷಣಹೊತ್ತು. ಬೇಸ್ ಗಿಟಾರ್ ಎರಡು ಗಂಟೆ ಬಿಡದೆ ದುಡಿಸುತ್ತದೆ. ಅದಕ್ಕೆ ಜೋಡಿಸುವ ಜ್ಯಾಕುಗಳೂ ಬೇರೆ.

ಇನ್ನು ಜೋಡಣೆ. ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ: ಆಂಪಿನ ಹಿಂದೆ 'ಸ್ಪೀಕರ್ ಔಟ್' ಎಂದು ಬರೆದಿರುವ ಜ್ಯಾಕಿನಿಂದ ಸಬ್‌ವೂಫರಿನ ಲೈನ್ ಇನ್‌ಪುಟ್‌ಗೆ ಯಾವತ್ತೂ ತಂತಿ ಎಳೆಯಬೇಡಿ. ಅಲ್ಲಿ ಬರುವುದು ಸ್ಪೀಕರನ್ನು ಓಡಿಸುವ ಹತ್ತಾರು ವೋಲ್ಟು. ಸಬ್ ಕೇಳುವುದು ಒಂದು ವೋಲ್ಟಿನ ಆಸುಪಾಸು. ಸುಟ್ಟೇ ಹೋಗಬಹುದು. 'ಲೈನ್ ಔಟ್', 'ಪ್ರೀ ಔಟ್' ಅಥವಾ 'ಡಿಐ ಔಟ್' ಎಂದಿರುವಲ್ಲಿಂದ ತೆಗೆದುಕೊಳ್ಳಿ. ಹೆಡ್‌ಫೋನ್ ಜ್ಯಾಕು ಚುಚ್ಚಿದರೆ ಬಹುತೇಕ ಆಂಪ್‌ಗಳಲ್ಲಿ ಸ್ಪೀಕರೇ ಮೌನವಾಗುತ್ತದೆ. ಗಿಟಾರನ್ನು ನೇರವಾಗಿ ಸಬ್‌ಗೆ ಚುಚ್ಚುವುದೂ ಸರಿಯಲ್ಲ. ಗಿಟಾರಿನ ಸಂಕೇತ ತೀರಾ ಕ್ಷೀಣ, ಮೊದಲು ಪ್ರೀಆಂಪ್ ಹಾದು ಬರಬೇಕು.

ನಾವು ಮಾಡಿದ ದೊಡ್ಡ ತಪ್ಪನ್ನು ಈಗ ಹೇಳುತ್ತೇನೆ. ಲೈನ್ ಔಟಿನಿಂದ ಸಬ್‌ಗೆ ತಂತಿ ಎಳೆದು ಕೆಲಸ ಮುಗಿಯಿತೆಂದುಕೊಂಡೆವು. ಶಬ್ದವೇನೋ ದಪ್ಪವಾಯಿತು. ಆದರೆ ಚಿಕ್ಕ ಆಂಪಿಗೆ 41 ಹರ್ಟ್ಸಿನ ಏಟು ಮೊದಲಿನಂತೆಯೇ ಬೀಳುತ್ತಿತ್ತು. ನೆರವಿಗೆ ಆಳು ಬಂದರೂ ಹಳೆಯವನ ತಲೆ ಮೇಲಿನ ಮೂಟೆ ಇಳಿಸಿರಲಿಲ್ಲ! ಸಬ್ ತಂದದ್ದರ ಫಲ ಸಿಗುವುದು ಆ ಮೂಟೆ ಇಳಿಸಿದಾಗಲೇ.

ಇಳಿಸುವುದು ಹೇಗೆ? ಅನೇಕ ಪವರ್ಡ್ ಸಬ್‌ಗಳಲ್ಲಿ, ಒಳಗೆ ಬಂದ ಸಂಕೇತದ ಮಂದ್ರ ಭಾಗವನ್ನು ತಾನಿಟ್ಟುಕೊಂಡು ಉಳಿದದ್ದನ್ನು ಹೊರಗೆ ಕಳಿಸುವ 'ಹೈ ಪಾಸ್' ಔಟ್‌ಪುಟ್ ಇರುತ್ತದೆ. ಕೀಬೋರ್ಡಿಗೆ ಸುಲಭ: ಕೀಬೋರ್ಡಿನಿಂದ ಸಬ್‌ಗೆ, ಸಬ್‌ನ ಹೈ ಪಾಸ್‌ನಿಂದ ಆಂಪಿಗೆ. ಬೇಸ್ ಗಿಟಾರಿಗೆ ಗಿಟಾರಿನಿಂದ ಆಂಪಿಗೆ, ಆಂಪಿನ ಪ್ರೀ ಔಟ್ ಅಥವಾ 'ಎಫೆಕ್ಟ್ಸ್ ಸೆಂಡ್'ನಿಂದ ಸಬ್‌ಗೆ, ಅಲ್ಲಿಂದ ಮತ್ತೆ ಆಂಪಿನ 'ರಿಟರ್ನ್'ಗೆ. ಮೊದಲ ಸಲ ಜೋಡಿಸುವಾಗ ಎಲ್ಲ ವಾಲ್ಯೂಮ್ ಸೊನ್ನೆಯಲ್ಲಿರಲಿ. ನಿಮ್ಮ ಆಂಪಿನಲ್ಲಿ ಈ ಸೌಕರ್ಯವಿಲ್ಲದಿದ್ದರೆ ಬಡವರ ಉಪಾಯವೊಂದಿದೆ. ಆಂಪಿನ ಬೇಸ್ ಗುಂಡಿಯನ್ನು ಇಳಿಸಿ, ಸಬ್‌ನ ವಾಲ್ಯೂಮ್ ಏರಿಸಿ. ಲೈನ್ ಔಟ್ ಆ ಗುಂಡಿಗಿಂತ ಮೊದಲೇ ಕವಲೊಡೆಯುವ ಆಂಪ್‌ಗಳಲ್ಲಿ ಮಾತ್ರ ಇದು ಸರಿಹೋಗುತ್ತದೆ. ಗುಂಡಿ ತಿರುಗಿಸಿ ಸಬ್‌ನ ದನಿ ಬದಲಾಗುತ್ತದೆಯೇ ಎಂದು ಕೇಳಿ ನೋಡಿದರೆ ಗೊತ್ತಾಗುತ್ತದೆ.

ಎಲ್ಲಿ ಗೆರೆ ಎಳೆಯಬೇಕು? ಆ ಗೆರೆಗೆ ಕ್ರಾಸ್‌ಓವರ್ ಎನ್ನುತ್ತಾರೆ. 8 ಇಂಚಿನ ಆಂಪಿಗೆ 100 ಹರ್ಟ್ಸಿನ ಸುತ್ತ ಶುರು ಮಾಡಿ. ಅದಕ್ಕಿಂತ ತುಂಬ ಮೇಲೆ ಹೋದರೆ ಗಂಡುದನಿಯ ಕೆಳಸ್ವರಗಳ ಜಾಗಕ್ಕೆ ಸಬ್ ಕಾಲಿಟ್ಟು ಹಾಡಿನ ಮಾತು ಮಸುಕಾಗುತ್ತದೆ. ಭಾವಗೀತೆಯಲ್ಲಿ ಮಾತು ಕೇಳಿಸದಿದ್ದರೆ ಮತ್ತೇನು ಉಳಿಯಿತು? ಆಮೇಲೆ ವಾಲ್ಯೂಮ್. ಸಬ್ ಆರಿಸಿ ಆಂಪನ್ನು ವೇದಿಕೆಗೆ ಸಾಕಾಗುವಷ್ಟು ಹೊಂದಿಸಿ. ನಂತರ ಸಬ್ ಹಾಕಿ ಮೆಲ್ಲಗೆ ಏರಿಸಿ. ಅದು ಇದೆ ಎಂದು ಗೊತ್ತಾಗಬಾರದು, ಆರಿಸಿದಾಗ ಮಾತ್ರ ಏನೋ ಹೋಯಿತು ಅನ್ನಿಸಬೇಕು. ಅಲ್ಲಿಗೆ ನಿಲ್ಲಿಸಿ. ನಮ್ಮ ರಿದಂ ಪ್ಯಾಡಿನ ಹುಡುಗ ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಇಡುವ ಜಾಗದ ವಿಷಯ ಸ್ವಾರಸ್ಯಕರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಾಗಾಗಿ 100 ಹರ್ಟ್ಸಿನ ಒಂದು ಅಲೆ 3.4 ಮೀಟರ್ ಉದ್ದ. ಕೇಳುವವರಿಂದ ಸಬ್ ಆಂಪಿಗಿಂತ ಸುಮಾರು 1.7 ಮೀಟರ್ ಹಿಂದೆ ಇದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು, ಆ ಸ್ವರವೇ ಕರಗಿಹೋಗುತ್ತದೆ. ಎರಡು ಪೆಟ್ಟಿಗೆ ಇದ್ದೂ ಒಂದಕ್ಕಿಂತ ಕಡಿಮೆ! ಆದ್ದರಿಂದ ಎರಡನ್ನೂ ಹತ್ತಿರ ಹತ್ತಿರ ಇಡಿ. ಸಬ್‌ನ ಹಿಂದೆ 'ಫೇಸ್' ಅಥವಾ 'ಪೊಲಾರಿಟಿ' ಎಂಬ ಸ್ವಿಚ್ಚಿರುತ್ತದೆ. ಒಬ್ಬರು ಕೆಳಸ್ವರ ನುಡಿಸುತ್ತಿರಲಿ, ಇನ್ನೊಬ್ಬರು ಸ್ವಿಚ್ಚು ಆಚೀಚೆ ಮಾಡಲಿ, ಮೂರನೆಯವರು ಸಭಿಕರ ಕುರ್ಚಿಯಲ್ಲಿ ಕೂತು ಕೇಳಲಿ. ಯಾವ ಕಡೆ ದಪ್ಪವೋ ಅದೇ ಸರಿ. ಗೋಡೆಗೆ ತಾಗಿಸಿದರೆ ಬೇಸ್ ಹೆಚ್ಚುತ್ತದೆ, ಮೂಲೆಗೆ ಸೇರಿಸಿದರೆ ಇನ್ನೂ ಹೆಚ್ಚುತ್ತದೆ. ಹೊರಾಂಗಣದಲ್ಲಿ ಆ ಉಪಕಾರವಿಲ್ಲ. ಗಣೇಶೋತ್ಸವದ ಪೆಂಡಾಲಿನಲ್ಲಿ ಚಿಕ್ಕ ಸಬ್ ಸೋತುಹೋದರೆ ಆಶ್ಚರ್ಯಪಡಬೇಡಿ.

ಹಲಗೆಯ ವೇದಿಕೆಯ ಮೇಲಂತೂ ಇಡಬೇಡಿ. ನಾವಿಟ್ಟಿದ್ದೆವು. ಇಡೀ ವೇದಿಕೆಯೇ ಡಗ್ಗದ ಹಾಗೆ ಗುಂಯ್‌ಗುಟ್ಟಿ, ಆ ನಡುಕ ಸ್ಟ್ಯಾಂಡಿನ ಮೂಲಕ ಹಾಡುವವರ ಮೈಕಿಗೆ ಏರಿತು. ಪಕ್ಕದ ಗಟ್ಟಿ ನೆಲಕ್ಕೆ ಇಳಿಸಿ, ಮಿಕ್ಸರಿನಲ್ಲಿ ಹಾಡುವ ಮೈಕುಗಳಿಗೆಲ್ಲ 'ಲೋ ಕಟ್' ಗುಂಡಿ ಒತ್ತಿದ ಮೇಲೆ ಶಾಂತವಾಯಿತು.

ಮತ್ತೊಂದು ಕಾಟ, ಕೊಯ್ಯೆನ್ನುವ ಹಮ್ಮಿಂಗ್. ನಮ್ಮ ಮನೆಗಳ ಕರೆಂಟು 50 ಹರ್ಟ್ಸಿನದು. ಚಿಕ್ಕ ಆಂಪಿನಲ್ಲಿ ಕೇಳಿಸದೇ ಇದ್ದ ಆ ಗುಂಯ್‌ಕಾರ ಸಬ್‌ನಲ್ಲಿ ಸ್ಪಷ್ಟ, ಅದು ಹುಟ್ಟಿರುವುದೇ ಅದಕ್ಕೆ. ಆಂಪ್, ಸಬ್, ಕೀಬೋರ್ಡ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ 'ಗ್ರೌಂಡ್ ಲಿಫ್ಟ್' ಇರುವ ಡಿಐ ಬಾಕ್ಸ್ ನಡುವೆ ಸೇರಿಸಿ. ಆದರೆ ಪ್ಲಗ್ಗಿನ ಮೂರನೆಯ ಅರ್ಥ್ ಪಿನ್ನನ್ನು ಮುರಿದು ಹಮ್ಮಿಂಗ್ ನಿಲ್ಲಿಸುವ ಜಾಣರಿದ್ದಾರೆ, ಅವರ ಮಾತು ಕೇಳಬೇಡಿ. ಒಂದು ಕೈಯಲ್ಲಿ ಗಿಟಾರಿನ ತಂತಿ, ತುಟಿಯ ಹತ್ತಿರ ಮೈಕು ಇದ್ದಾಗ ಅರ್ಥ್ ಇಲ್ಲದ ಪೆಟ್ಟಿಗೆ ಜೀವ ತೆಗೆಯಬಲ್ಲದು.

ಸೌಂಡಿನವರು ತಮ್ಮದೇ ದೊಡ್ಡ ಸಬ್‌ಗಳನ್ನು ತಂದಿದ್ದರೆ ನಿಮ್ಮದನ್ನು ಮನೆಯಲ್ಲೇ ಬಿಡಿ. ಬರೀ ಹಾರ್ಮೋನಿಯಂ, ತಬಲಾ, ಇಬ್ಬರು ಹಾಡುವವರಿದ್ದರೂ ಅದರ ಅಗತ್ಯವಿಲ್ಲ. ಕೀಬೋರ್ಡಿನವರಿಗೊಂದು ಮಾತು, ನನಗೆ ನಾನೇ ಹೇಳಿಕೊಂಡದ್ದು: ಬೇಸ್ ಗಿಟಾರ್ ಇರುವಾಗ ಎಡಗೈಯನ್ನು ಕೆಳಸ್ಥಾಯಿಯಿಂದ ತೆಗೆದುಬಿಡಿ. ಒಂದು ಸಬ್‌ನಲ್ಲಿ ಇಬ್ಬರ ಮಂದ್ರ ಸೇರಿದರೆ ಕೆಸರಾಗುತ್ತದೆ.

ನೆರೆಹೊರೆಯನ್ನೂ ಮರೆಯುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಈ ಅಳತೆ 'ಎ' ಮಾಪನದ್ದು. ಅದು 50 ಹರ್ಟ್ಸಿನ ಶಬ್ದವನ್ನು ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿ ಲೆಕ್ಕ ಹಾಕುತ್ತದೆ. ಮೀಟರ್ ಸುಮ್ಮನಿದ್ದರೂ ಮಂದ್ರ ಗೋಡೆ ದಾಟಿ ಪಕ್ಕದ ಫ್ಲಾಟಿನ ಪಾತ್ರೆ ಅಲುಗಿಸುತ್ತಿರಬಹುದು. ನಮ್ಮ ರಿಹರ್ಸಲಿಗೆ ಕೆಳಮನೆಯ ಅಜ್ಜಿ ಮೇಲೆ ಬಂದು, ಶೋಕೇಸಿನ ಗಾಜು ನಡುಗುತ್ತಿದೆ ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿ ಹೋದರು. ಅಂದಿನಿಂದ ಮನೆಯ ರಿಹರ್ಸಲಿನಲ್ಲಿ ಸಬ್ ಹಾಕುವುದಿಲ್ಲ.

ನವೆಂಬರಿನಲ್ಲಿ ಮಾಮ ನುಡಿಸಿದರು. ಆಂಪಿನ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ, "ಇಷ್ಟು ವರ್ಷಕ್ಕೆ ಇವರು ಏನು ನುಡಿಸ್ತಾರೆ ಅಂತ ಇವತ್ತು ಗೊತ್ತಾಯ್ತು" ಎಂದರಂತೆ. ಕಾರ್ಯಕ್ರಮ ಮುಗಿದಾಗ ಗಡಿಬಿಡಿಯಲ್ಲಿ ಯಾರೋ ಕೀಬೋರ್ಡಿನ ಸ್ವಿಚ್ಚಿಗೆ ಕೈಹಾಕಿದರು. "ಏ ತಮ್ಮ, ತಡಿ! ಮೊದಲು ಸಬ್ ಆರಿಸು" ಎಂದು ಮಾಮ ಕೂಗಿದರು. ಹಾಕುವಾಗ ಸಬ್ ಕೊನೆಗೆ, ಆರಿಸುವಾಗ ಮೊದಲು; ಇಲ್ಲದಿದ್ದರೆ 'ಧಡ್' ಎಂದು ಕೋನಿಗೆ ಏಟು ಬೀಳುತ್ತದೆ. ಆಮೇಲೆ ಅವರು ಗಿಟಾರನ್ನು ಹೆಗಲಿಗೇರಿಸಿ, ನಮಗಿಂತ ಮುಂದಾಗಿ ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದರು.