ಟ್ಯಾಂಕಿಗೆ ಬಿದ್ದಿದ್ದು ಪೆಟ್ರೋಲೇನಾ?

ವೀಕ್ಷಕರೇ, ಚಿತ್ರದುರ್ಗ, ಹಿರಿಯೂರಿನ ಹೆದ್ದಾರಿ ಬಂಕ್‌ಗಳಲ್ಲಿ ಮೀಟರ್ ಸೊನ್ನೆ ಇದೆಯಾ ಅಂತ ನೋಡ್ತೀವಿ. ಪೆಟ್ರೋಲ್ ಅಸಲಿಯಾ ಅಂತ ಕೇಳ್ತೀವಾ? ಫಿಲ್ಟರ್ ಪೇಪರ್ ಕೇಳಿ, ಅದು ನಿಮ್ಮ ಹಕ್ಕು. ಹನಿ ಆರಿದ ಮೇಲೂ ಕಲೆ ಉಳಿದರೆ ಅನುಮಾನ ಪಡಿ. ಆದರೆ ಜಾಣ ಕಳ್ಳ ಸಾಂದ್ರತೆ ಕೆಡದ ಹಾಗೆ ಬೆರೆಸ್ತಾನೆ.

ಅಂಥವನನ್ನು ಹಿಡಿಯೋಕೆ ನಿಯರ್ ಇನ್‌ಫ್ರಾರೆಡ್ ಯಂತ್ರ ನೆರವಾಗುತ್ತೆ. ಕಣ್ಣಿಗೆ ಕಾಣದ ಬೆಳಕು ಹಾಯಿಸಿ, ಇಂಧನ ಎಷ್ಟು ಹೀರಿತು ಅಂತ ಅಳೆದು, ಅಸಲಿ ಮಾದರಿ ಜೊತೆ ಹೋಲಿಸಿ ನಿಮಿಷಗಳಲ್ಲೇ ಹೇಳುತ್ತೆ.

2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಕಲಬೆರಕೆ ವಿರುದ್ಧ ನಿಂತಿದ್ದಕ್ಕೆ ನಮ್ಮ ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿ, ಗುಂಡಿಗೆ ಬಲಿಯಾದರು. ಈ ಯಂತ್ರ ಹೊಸದುರ್ಗ, ಹೊಳಲ್ಕೆರೆಗೂ ಬರಲಿ. ಪರೀಕ್ಷೆ ಜನರ ಕಣ್ಣೆದುರೇ ನಡೆಯಲಿ. ಪ್ರಾಮಾಣಿಕ ಅಧಿಕಾರಿ ಒಂಟಿಯಾಗಿ ನಿಲ್ಲೋದು ಬೇಡ.