ತರಗತಿಯೊಳಗೆ ಒಂದು ಗಂಟೆ



ಪೋಷಕರ ಈ ಸಮಾವೇಶದ ಅಧ್ಯಕ್ಷತೆಗೆ ನಿವೃತ್ತ ಮುಖ್ಯಶಿಕ್ಷಕಿಯೊಬ್ಬಳನ್ನು ಕರೆದಿದ್ದೀರಿ. ಈ ಪ್ರೀತಿಗೆ ನಾನು ಋಣಿ. ಬೆಳಿಗ್ಗೆಯಿಂದ ಮಾತಾಡಿದವರು ಸೋರುವ ಚಾವಣಿ, ಕಾಂಪೌಂಡು, ಶೌಚಾಲಯ, ಖಾಲಿ ಹುದ್ದೆಗಳ ವಿಷಯ ಎತ್ತಿದರು. ಅಷ್ಟೂ ನ್ಯಾಯವಾದ ಬೇಡಿಕೆಗಳೇ. ನಾನು ಆ ಚಾವಣಿಯ ಕೆಳಗೆ ಕೂತಿರುವ ಆರು ವರ್ಷದ ಮಗುವಿನ ಬಗ್ಗೆ ಮಾತ್ರ ಮಾತಾಡುತ್ತೇನೆ. ಒಂದನೇ ತರಗತಿಗೆ ಸೇರಿದ ಮಗು ಜೂನ್‌ನಿಂದ ಮಾರ್ಚ್‌ವರೆಗೆ ಆ ಕೋಣೆಯಲ್ಲಿ ಏನು ಮಾಡುತ್ತದೆ, ಅದರಲ್ಲಿ ನಿಮಗೆ ತಿಳಿದಿರಬೇಕಾದದ್ದು ಏನು ಎಂಬುದಷ್ಟೇ ನನ್ನ ಮಾತು.

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಹಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳಲ್ಲಿ, ಒಬ್ಬ ತಾಯಿ ಶಾಲೆಯ ಬಾಗಿಲಿಗೆ ಬಂದು ನಿಂತರು. "ಮಿಸ್ಸೇ, ನಮ್ ಹುಡುಗಿ ಸೇರಿ ಎರಡು ತಿಂಗ್ಳಾಯ್ತು. ಅ ಆ ಇ ಈ ಹೇಳು ಅಂದ್ರೆ ಬಾಯೇ ಬಿಡಲ್ಲ. ನೀವು ಏನ್ ಕಲಿಸ್ತಿದ್ದೀರಿ?" ಎಂದರು. ಅಂದು ನನಗೆ ಕೆಲಸದ ಒತ್ತಡ. "ಈಗ ಪದ್ಧತಿ ಬೇರೆ ಕಣಮ್ಮ, ನಿಮಗೆ ಅರ್ಥ ಆಗಲ್ಲ, ನಮಗೆ ಬಿಡಿ" ಅಂದುಬಿಟ್ಟೆ. ಅವರು ತಲೆ ತಗ್ಗಿಸಿಕೊಂಡು ಹೋದರು. ಅಂದಿನಿಂದ ಮನೆಯಲ್ಲಿ ಅಣ್ಣನ ಕೈಯಲ್ಲಿ ಆ ಹುಡುಗಿಗೆ ರಾತ್ರಿ ಹೊತ್ತು ಅ ಆ ಇ ಈ ತಿದ್ದಿಸತೊಡಗಿದರು. ಬಾರದಿದ್ದರೆ ತಲೆಗೆ ಒಂದು ಮೊಟಕು. ನಲಿಯುತ್ತಾ ಬರುತ್ತಿದ್ದ ಹುಡುಗಿ ತರಗತಿಯಲ್ಲಿ ಮಂಕಾದಳು. ಕಾರಣ ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ಆ ತಾಯಿಗೆ ನಾನು ಹೇಳಬೇಕಾಗಿದ್ದದ್ದನ್ನು ಇವತ್ತು ನಿಮಗೆಲ್ಲ ಹೇಳುತ್ತೇನೆ. ನಮ್ಮ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಲ್ಲಿ ನಡೆದುಬಂದಿರುವುದು ನಲಿ-ಕಲಿ. ಅದು ಹುಟ್ಟಿದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಆ ಸಂಸ್ಥೆಯ ಗ್ರಾಮೀಣ ಶಾಲೆಗಳ ಪಾಠಕ್ರಮ ನೋಡಿ ಬಂದು, ಕನ್ನಡಕ್ಕೆ ಒಗ್ಗುವಂತೆ ಕಲಿಕಾ ಕಾರ್ಡುಗಳನ್ನು ತಾವೇ ಬರೆದರು. ಯುನಿಸೆಫ್ ನೆರವಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಮೈಸೂರು ಜಿಲ್ಲೆಯ ಮೇಷ್ಟ್ರುಗಳ ಬೆವರಿನಿಂದ ಬಂದ ಪದ್ಧತಿ ಇದು.

ಈ ಪದ್ಧತಿಯಲ್ಲಿ ಅಕ್ಷರ 'ಅ'ದಿಂದ ಶುರುವಾಗಿ ಸಾಲಾಗಿ ಬರುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಯಾಕೆ ಹೀಗೆ? ಬರೆಯಲು ಹತ್ತಿರದ ತಿರುವುಗಳಿರುವ ಅಕ್ಷರಗಳು ಒಟ್ಟಿಗೆ ಬಂದರೆ ಪುಟ್ಟ ಕೈಗೆ ಸುಲಭ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ವರ್ಣಮಾಲೆಯ ಮೊದಲ ಐದು ಅಕ್ಷರ ಕಲಿತ ಮಗುವಿನ ಕೈಯಲ್ಲಿ 'ಆ', 'ಈ' ಬಿಟ್ಟರೆ ಓದಲು ಒಂದು ಪದವೂ ಇರುವುದಿಲ್ಲ. ರ, ಗ, ಸ, ದ, ಅ ಕಲಿತ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಓದಿದ್ದಕ್ಕೆ ಅರ್ಥವಿದೆ ಎಂಬುದು ಅದಕ್ಕೆ ಮೊದಲ ತಿಂಗಳುಗಳಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಆಗಸ್ಟ್‌ನಲ್ಲಿ ಮಗು ಅ ಆ ಇ ಈ ಒಪ್ಪಿಸಲಿಲ್ಲವೆಂದು ಗಾಬರಿಯಾಗಬೇಡಿ. ವರ್ಣಮಾಲೆ ಬಂದೇ ಬರುತ್ತದೆ, ತಡವಾಗಿ ಬರುತ್ತದೆ, ಅಷ್ಟೆ.

ಎರಡನೆಯ ದೂರು: "ನಮ್ಮ ಮಗುವನ್ನು ಎರಡನೇ, ಮೂರನೇ ಕ್ಲಾಸಿನವರ ಜೊತೆ ಕೂರಿಸಿದ್ದಾರೆ." ಹೌದು, ಅದು ಆ ಪದ್ಧತಿಯ ಜೀವಾಳ. ಮಕ್ಕಳು ಕೂರುವ ಗುಂಪುಗಳನ್ನು ನಾವು ತಟ್ಟೆ ಎನ್ನುತ್ತೇವೆ. ಒಂದು ತಟ್ಟೆಯಲ್ಲಿ ಶಿಕ್ಷಕರೇ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧ ನೆರವು, ಮುಂದಿನವುಗಳಲ್ಲಿ ಜೊತೆಯ ಮಕ್ಕಳ ನೆರವು, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ಮಗುವಿಗೇ ಗೊತ್ತಿರುತ್ತದೆ. ಪಕ್ಕದ ಮನೆಯ ಮಗು ಎರಡು ಮೆಟ್ಟಿಲು ಮುಂದಿದ್ದ ಮಾತ್ರಕ್ಕೆ ನಿಮ್ಮದು ದಡ್ಡ ಮಗುವಲ್ಲ. ಒಂದೇ ದಿನ ನೆಟ್ಟ ಸಸಿಗಳೂ ಒಂದೇ ದಿನ ಹೂ ಬಿಡುವುದಿಲ್ಲ. ಆದರೆ ತಿಂಗಳುಗಟ್ಟಲೆ ಅದೇ ಮೆಟ್ಟಿಲಿನಲ್ಲಿ ನಿಂತಿದ್ದರೆ ಬಂದು ಕೇಳಿ. ಕಣ್ಣು ಕಾಣದೆ, ಕಿವಿ ಕೇಳದೆ ಹಿಂದೆ ಬಿದ್ದ ಮಕ್ಕಳನ್ನು ಮೊದ್ದುಗಳೆಂದು ಕರೆದ ಪಾಪ ಶಾಲೆಯ ಮೇಲೂ ಇದೆ, ಮನೆಯ ಮೇಲೂ ಇದೆ.

ಮೂರನೆಯ ಮಾತು ಹಾಜರಾತಿಯದು. ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ವಾರಕ್ಕೊಂದು ದಿನ ಜಾತ್ರೆ, ಮದುವೆ, ತಮ್ಮನನ್ನು ಎತ್ತಿಕೊಳ್ಳುವ ಕೆಲಸ ಎಂದು ನಿಲ್ಲಿಸಿದರೆ ವರ್ಷದಲ್ಲಿ 30 ದಿನಕ್ಕೂ ಮೇಲೆ ಹೋಗುತ್ತದೆ. ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುವ ಅವಕಾಶ ನಲಿ-ಕಲಿಯಲ್ಲಿದೆ, ನಿಜ. ಆದರೆ ಜೊತೆಗಾರರು ಮೇಲೆ ಹೋಗಿರುವುದನ್ನು ಕಂಡ ಮಗುವಿನ ಮುಖ ನಾನು ನೋಡಿದ್ದೇನೆ. ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗಲೇಬೇಕಾದ ಕುಟುಂಬಗಳ ಮೇಲೆ ನಾನು ತಪ್ಪು ಹೊರಿಸುವುದಿಲ್ಲ, ಹಸಿವು ರಜೆ ಕೇಳುವುದಿಲ್ಲ. ಹೋಗುವ ಮುಂಚೆ ಮಿಸ್‌ಗೆ ಒಂದು ಮಾತು ಹೇಳಿ ಹೋಗಿ. ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ, ಅಲ್ಲಿನ ಶಾಲೆಗೆ ಕಳಿಸಬಹುದೇ ಎಂದು ಒಟ್ಟಿಗೆ ಕೂತು ಯೋಚಿಸೋಣ.

ನಾಲ್ಕನೆಯದನ್ನು ಕೈಮುಗಿದು ಹೇಳುತ್ತೇನೆ. "ನಾಲ್ಕು ಬಾರಿಸಿ ಬುದ್ಧಿ ಕಲಿಸಿ ಮಿಸ್ಸೇ" ಎಂದು ಮಗುವಿನ ಎದುರಿಗೇ ಹೇಳುತ್ತೀರಿ. ಹೊಡೆಯುವುದೂ ಹೀಯಾಳಿಸುವುದೂ ಅದೇ ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ. ಆ ಮಾತು ಕೇಳಿದ ಮಗುವಿಗೆ ಮನೆಯೂ ಶಾಲೆಯೂ ಸೇರಿ ತನ್ನ ವಿರುದ್ಧ ನಿಂತಂತೆ ಕಾಣುತ್ತದೆ. ಹೆದರಿದ ಮಗು ಒಪ್ಪಿಸುತ್ತದೆ, ಕಲಿಯುವುದಿಲ್ಲ.

"ನಮಗೇ ಓದು ಬರಲ್ಲ, ನಾವೇನು ಸಹಾಯ ಮಾಡೋದು" ಎಂದು ಕೇಳುವವರಿದ್ದೀರಿ. ಓದು ಬಾರದ ತಾಯಿಯೂ ಕಥೆ ಹೇಳಬಲ್ಲಳು, ಒಗಟು ಹಾಕಬಲ್ಲಳು. ಸಂತೆಗೆ ಹೋದಾಗ ಚಿಲ್ಲರೆ ಎಣಿಸಲು ಮಗುವಿನ ಕೈಗೆ ಕೊಡಿ. ಅವರೆಕಾಯಿ ಸುಲಿಯುವಾಗ ಹತ್ತತ್ತು ಕಾಳಿನ ಗುಡ್ಡೆ ಮಾಡಿಸಿ. ಸಂಜೆ "ಇವತ್ತು ಏನು ಬರೆಸಿದರು" ಎನ್ನುವ ಬದಲು "ಇವತ್ತು ಯಾವ ಕಾರ್ಡು ಮುಗೀತು, ನನಗೂ ಹೇಳಿಕೊಡು" ಎನ್ನಿ. ಹೇಳಿಕೊಡುವಾಗ ಮಗು ಎರಡನೆಯ ಸಲ ಕಲಿಯುತ್ತದೆ.

ಈಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿಗೊಂದು ಮಾತು. ಶಾಲಾ ಸಮಿತಿಯ ನಾಲ್ವರಲ್ಲಿ ಮೂವರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಬಿಸಿಯೂಟದ ಅಕ್ಕಿ, ಬಣ್ಣದ ಬಿಲ್ಲು ನೋಡುವುದರಲ್ಲೇ ಸಭೆ ಮುಗಿಯದಿರಲಿ. ಪ್ರತಿ ಸಭೆಯಲ್ಲೂ ಪ್ರತಿ ಮಗುವಿನ ಮೆಟ್ಟಿಲು ತೋರಿಸುವ, ಗೋಡೆಯ ಮೇಲಿನ 'ಪ್ರಗತಿ ನೋಟ'ದ ಮುಂದೆ ಹತ್ತು ನಿಮಿಷ ನಿಲ್ಲಿ. ಯಾವ ಮಗು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಕೇಳಿ.

ಅಧ್ಯಕ್ಷೆಯಾಗಿ ಈ ಸಮಾವೇಶದ ಮುಂದೆ ಒಂದೇ ನಿರ್ಣಯ ಇಡುತ್ತೇನೆ. ಪ್ರತಿ ಪೋಷಕರೂ ವರ್ಷಕ್ಕೆ ಮೂರು ಸಲ, ಜೂನ್‌ನಲ್ಲಿ, ದಸರಾ ರಜೆ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಒಂದೊಂದು ಗಂಟೆ ತರಗತಿಯೊಳಗೆ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು. ಶಿಕ್ಷಕ ಬಂಧುಗಳು ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸದೆ ಒಳಗೆ ಕರೆಯಬೇಕು.

ಈ ನಿರ್ಣಯ ನನಗೆ ಹೊಳೆದದ್ದು ಆ ತಾಯಿಯಿಂದಲೇ. ಮೂರು ವಾರದ ನಂತರ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಕರೆತಂದೆ. ಅವರು ಚಾಪೆಯ ತುದಿಯಲ್ಲಿ ಕೂತರು. ಹುಡುಗಿ ಸ್ವಲ್ಪ ಹೊತ್ತು ಹಿಂಜರಿದು, ಆಮೇಲೆ ಒಂದು ಕಾರ್ಡು ಎತ್ತಿ ತಂದು, ಅದರ ಮೇಲೂ ಅಮ್ಮನ ಕೊರಳ ಮೇಲೂ ಬೆರಳಿಟ್ಟು "ಸರ" ಎಂದಳು. ತಾಯಿ ಕಾರ್ಡು ಕೈಗೆ ತೆಗೆದುಕೊಂಡರು. "ಇದು ಸ, ಇದು ರ, ಅಲ್ವಾ ಮಿಸ್ಸೇ?" ಎಂದು ಕೇಳಿದರು. ಅಂದು ಆ ತರಗತಿಯಲ್ಲಿ ಎರಡು ಅಕ್ಷರ ಕಲಿತವರು ಅವರು, ನಾನು ಆಗಸ್ಟ್‌ನಲ್ಲಿ "ನಿಮಗೆ ಅರ್ಥ ಆಗಲ್ಲ" ಎಂದು ಕಳಿಸಿದ್ದ ತಾಯಿ.

ನಿಮ್ಮನ್ನು ಯಾರೂ ಹಾಗೆ ಕಳಿಸದಿರಲಿ. ನೀವೂ ಹೊರಗೆ ನಿಲ್ಲಬೇಡಿ, ಒಳಗೆ ಬನ್ನಿ.